ಸೈಲೋ ಮುಂದೆ ಫೋಟೊ ತೆಗೆದು ಹಾಗೇ ಹೊರಟುಬಿಡಬೇಡಿ

ರಜೆ ಬಂತೆಂದರೆ ಮೆಲ್ಬರ್ನ್‌ನ ನಮ್ಮ ಕನ್ನಡದವರು ಸೈಲೋ ಚಿತ್ರ ನೋಡಲು ವಿಕ್ಟೋರಿಯಾ ರಾಜ್ಯದ ಪಶ್ಚಿಮಕ್ಕಿರುವ ವಿಮೆರಾ ಸೀಮೆಯ ಕಡೆ ಹೊರಡುತ್ತಾರೆ. ಧಾನ್ಯ ತುಂಬುವ ಕಣಜಗಳ ಮೇಲೆ ಆಳೆತ್ತರಕ್ಕೂ ಮೀರಿದ ಮುಖಗಳು! ಬ್ರಿಮ್‌ನಲ್ಲಿ ಗೀಡೋ ವಾನ್ ಹೆಲ್ಟನ್ ಬರೆದ ರೈತರಿದ್ದಾರೆ. ರುಪನ್ಯಪ್‌ನಲ್ಲಿ 2017ರಲ್ಲಿ ಜೂಲಿಯಾ ವೋಲ್ಚ್ಕೋವಾ ಬರೆದ ಊರಿನ ಆಟಗಾರರಿದ್ದಾರೆ. ಖಂಡಿತ ನೋಡಿ. ಆದರೆ ದಯವಿಟ್ಟು ಊರೊಳಗೂ ಹೋಗಿ.

ರುಪನ್ಯಪ್‌ನಲ್ಲಿ ಇರುವುದು ಕೆಲವೇ ನೂರು ಜನ. ಸುತ್ತ ಗೋಧಿ, ಬಾರ್ಲಿ, ಕಡಲೆ, ಮಸೂರದ ಹೊಲಗಳು. ಈ ಸೀಮೆಯ ಮಸೂರ ಹಡಗು ಹತ್ತಿ ಭಾರತಕ್ಕೂ ಬರುತ್ತದೆ. 1990ರ ದಶಕದಲ್ಲಿ ದೊಡ್ಡ ಬ್ಯಾಂಕುಗಳು ಇಂಥ ಊರುಗಳ ಶಾಖೆಗಳನ್ನು ಒಂದೊಂದಾಗಿ ಮುಚ್ಚಿದವು. ಬ್ಯಾಂಕ್ ಹೋದರೆ ಏನಾಯಿತು ಅನ್ನಬೇಡಿ. ದುಡ್ಡಿನ ಕೆಲಸಕ್ಕೆ ದೂರದ ಪೇಟೆಗೆ ಹೋದವರು ದಿನಸಿ, ಔಷಧಿ ಎಲ್ಲ ಅಲ್ಲೇ ಕೊಳ್ಳುತ್ತಾರೆ. ಊರಿನ ಅಂಗಡಿಗೆ ವ್ಯಾಪಾರವಿಲ್ಲ. ಅಂಗಡಿ ಮುಚ್ಚಿದರೆ ಕೆಲಸ ಹುಡುಕಿಕೊಂಡು ಒಂದೆರಡು ಮನೆ ಖಾಲಿ. ಮಕ್ಕಳು ಕಡಿಮೆಯಾದರೆ ಶಾಲೆಗೂ ಕುತ್ತು.

ರುಪನ್ಯಪ್ ಮತ್ತು ಪಕ್ಕದ ಮಿನ್ಯಿಪ್‌ನ ಜನ ಸುಮ್ನೆ ಕೂರಲಿಲ್ಲ. ತಾವೇ ಷೇರು ಹಣ ಹಾಕಿದರು, ಕಂಪನಿ ಕಟ್ಟಿದರು. 1998ರಲ್ಲಿ ಬೆಂಡಿಗೋ ಬ್ಯಾಂಕ್ ಜೊತೆ ಸೇರಿ ದೇಶದ ಮೊದಲ ಕಮ್ಯುನಿಟಿ ಬ್ಯಾಂಕ್ ತೆರೆದರು. ಲೈಸೆನ್ಸು, ಲೆಕ್ಕದ ವ್ಯವಸ್ಥೆ ಬೆಂಡಿಗೋದ್ದು. ಶಾಖೆ ನಡೆಸುವ ಹೊಣೆ ಊರಿನವರದ್ದು. ಬಂದ ಲಾಭದಲ್ಲಿ ಊರಿಗೂ ಪಾಲು. ಆಮೇಲೆ ಆಸ್ಟ್ರೇಲಿಯಾದ ನೂರಾರು ಕಡೆ ಇದೇ ದಾರಿ ಹಿಡಿದರು. 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ರೈತರು ಸಹಕಾರ ಸಂಘ ಕಟ್ಟಿದ್ದನ್ನು ಬಲ್ಲ ನಮಗೆ ಈ ಛಲ ಅರ್ಥವಾಗುತ್ತದೆ, ಅಲ್ವಾ?

ಬೆಂಕಿ ಆರಿಸುವುದೂ ಇವರೇ. ವಿಕ್ಟೋರಿಯಾದ ಹಳ್ಳಿಗಳಲ್ಲಿ ಸಿಎಫ್‌ಎ (ಕಂಟ್ರಿ ಫೈರ್ ಅಥಾರಿಟಿ) ಅಗ್ನಿಶಾಮಕ ದಳದಲ್ಲಿ ಇರುವವರು ಹೆಚ್ಚಾಗಿ ಸಂಬಳವಿಲ್ಲದ ಊರಿನವರು. ಕೊಯ್ಲಿನ ಬಿಸಿಲಲ್ಲಿ ಯಂತ್ರದಿಂದ ಒಂದು ಕಿಡಿ ಹಾರಿದರೆ ಸಾಕು, ಒಣಗಿದ ಹೊಲ ಹೊತ್ತಿಕೊಳ್ಳುತ್ತದೆ. ಆಗ ತಮ್ಮ ಕೊಯ್ಲು ಬಿಟ್ಟು ಬೇರೆಯವರ ಹೊಲಕ್ಕೆ ಓಡುತ್ತಾರೆ.

"ನೋಡಿ, ಎಲ್ಲವನ್ನೂ ಅವರೇ ಮಾಡಿಕೊಳ್ಳುತ್ತಾರೆ" ಎಂದು ಹೊಗಳುವವರು ಜಾಸ್ತಿ. ನನಗೆ ಈ ಹೊಗಳಿಕೆ ಹಿಡಿಸುವುದಿಲ್ಲ. ಬ್ಯಾಂಕಿನ ಮಂಡಳಿ, ಬೆಂಕಿಯ ಲಾರಿ, ಫುಟ್‌ಬಾಲ್ ಕ್ಲಬ್ಬು ಎಲ್ಲಕ್ಕೂ ಹೆಗಲು ಕೊಡುವುದು ಅದೇ ನಾಲ್ಕು ಜನ. ಅವರಿಗೂ ವಯಸ್ಸಾಗುತ್ತಿದೆ. ಅವರ ಶ್ರಮ ತೋರಿಸಿ ಸರ್ಕಾರ, ಕಂಪನಿಗಳು ನುಣುಚಿಕೊಳ್ಳುವುದು ತಪ್ಪು. ವೈದ್ಯರು, ಬಸ್ಸು, ಮೊಬೈಲ್ ಸಿಗ್ನಲ್ ಇವನ್ನು ಊರಿನವರು ಚಂದಾ ಎತ್ತಿ ತರಲಾಗದು.

ನಮ್ಮ ಕೈಲಾಗುವುದು ಚಿಕ್ಕದು. ಹೋದಾಗ ಪೆಟ್ರೋಲ್ ಅಲ್ಲೇ ಹಾಕಿಸಿ. ಊಟ, ಕಾಫಿ ಅಲ್ಲೇ ಮಾಡಿ. ಸಾಧ್ಯವಾದರೆ ಒಂದು ರಾತ್ರಿ ಉಳಿಯಿರಿ. ಅಂಗಡಿಯವರ ಜೊತೆ ನಾಲ್ಕು ಮಾತಾಡಿ. ಈ ವರ್ಷ ಮಳೆ ಹೇಗೆ ಎಂದು ಕೇಳಿದರೂ ಸಾಕು, ಮಾತು ತಾನಾಗೇ ಮುಂದುವರಿಯುತ್ತದೆ.