ಎರಡು ಮಿಲಿಮೀಟರಿನ ಕೂಸಿಗೆ ತೊಟ್ಟಿಲು

ನಮ್ಮ ಕಡೆ ಕೂಸಿಗೆ ಹೆಸರಿಡುವಾಗ ಸೋದರತ್ತೆ ತೊಟ್ಟಿಲ ಮೇಲೆ ಬಗ್ಗಿ ಕಿವಿಯಲ್ಲಿ "ಕುರ್ರ್" ಅಂತ ಹೆಸರು ಹೇಳುತ್ತಾಳೆ. ಅವಳು ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಬೆನ್ನಿಗೆ ಗುದ್ದುತ್ತಾರೆ. ಅಣ್ಣತಮ್ಮಂದಿರ ಮಕ್ಕಳ ಲೆಕ್ಕದಲ್ಲಿ ನಾನು ನಾಲ್ಕು ಸಲ ಗುದ್ದು ತಿಂದಿದ್ದೇನೆ. ಐದನೇ ಸಲ ತಿಂದಿದ್ದು ಒಂದು ಶಂಖದ ಹುಳುವಿನ ಸಲುವಾಗಿ.

ನಾನು ಧಾರವಾಡದಲ್ಲಿ ಕಾಲೇಜು ಮಕ್ಕಳಿಗೆ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಉಳಿದ ಹೊತ್ತಿನಲ್ಲಿ ಸಮುದ್ರದ ಸಣ್ಣ ಶಂಖದ ಹುಳುಗಳ ಚಿಪ್ಪು ಆರಿಸುತ್ತೇನೆ. ಸಣ್ಣ ಅಂದರೆ ರವೆಯಷ್ಟು, ಜಾಸ್ತಿ ಅಂದರೆ ಸಾಸಿವೆಯಷ್ಟು. "ಧಾರವಾಡದಾಗ ಸಮುದ್ರ ಎಲ್ಲೈತ್ರಿ ಮೇಡಂ?" ಅಂತ ಎಲ್ಲರೂ ಕೇಳುತ್ತಾರೆ. ನಮ್ಮೂರ ಯೂನಿವರ್ಸಿಟಿಯ ಸಮುದ್ರ ಜೀವಶಾಸ್ತ್ರ ವಿಭಾಗ ಕಾರವಾರದಲ್ಲಿದೆ, ಆದ್ದರಿಂದ ಧಾರವಾಡಕ್ಕೂ ಸಮುದ್ರ ಇದ್ದ ಹಾಗೇ ಅಂತ ನಾನು ವಾದ ಮಾಡುತ್ತೇನೆ. ವಾದ ಮಾಡಿದರೂ ಯಲ್ಲಾಪುರ ದಾಟಿ ಅರೆಬೈಲ್ ಘಟ್ಟ ಇಳಿದು ಬಸ್ಸಿನಲ್ಲೇ ಹೋಗಬೇಕು. ಹುಬ್ಬಳ್ಳಿ-ಅಂಕೋಲಾ ರೈಲು ಬಂದ ಮೇಲೆ ಹೋದರಾಯಿತು ಅಂತ ಕೂತಿದ್ದರೆ ನನ್ನ ಬದಲಿಗೆ ನನ್ನ ಮೊಮ್ಮಕ್ಕಳು ಹೋಗಬೇಕಾಗುತ್ತಿತ್ತು.

ಅಲ್ಲಿ ಹೋಗಿ ನಾನು ಮಾಡುವ ಕೆಲಸ ನೋಡಿದರೆ ಯಾರಿಗೂ ಗೌರವ ಬರುವುದಿಲ್ಲ. ಅಲೆ ಹಿಂದೆ ಸರಿದಾಗ ದಂಡೆಯ ಮೇಲೆ ಕಸದ ಒಂದು ಗೆರೆ ಬಿಟ್ಟು ಹೋಗುತ್ತದೆ. ಆ ಗೆರೆಯ ಉಸುಕನ್ನು ಚಮಚದಿಂದ ಕೆರೆದು ಚೀಲಕ್ಕೆ ತುಂಬುತ್ತೇನೆ. ವಾಪಸ್ ಬರುವಾಗ ಕಂಡಕ್ಟರ್ ಚೀಲ ಎತ್ತಿ ನೋಡಿ, "ಉಸುಕೇನ್ರಿ ಇದು? ಧಾರವಾಡದಾಗ ಮನಿ ಕಟ್ಟಸಾಕತ್ತೀರೇನು?" ಅಂದ. ಒಂದು ಚೀಲದಲ್ಲಿ ಕಟ್ಟುವ ಮನೆ ಎಷ್ಟು ದೊಡ್ಡದಿದ್ದೀತು ಅಂತ ಇಡೀ ಬಸ್ಸು ಲೆಕ್ಕ ಹಾಕುತ್ತ ಕೂತಿತು.

ಮನೆಗೆ ಬಂದ ಮೇಲೆ ಉಪ್ಪು ಹೋಗುವ ಹಾಗೆ ಸಿಹಿನೀರಲ್ಲಿ ತೊಳೆದು, ಮಾಳಿಗೆ ಮೇಲೆ ಒಣಗಿಸಿ, ಅತ್ತೆಯವರ ಹಿಟ್ಟಿನ ಸಾಣಿಗೆಯಲ್ಲಿ ಸಾಣಿಸುತ್ತೇನೆ. ಸಾಣಿಗೆಯ ವಿಷಯ ಅವರಿಗೆ ಆಮೇಲೆ ಗೊತ್ತಾಯಿತು, ರೊಟ್ಟಿಯಲ್ಲಿ ಕರುಂ ಅಂದಾಗ. ಆಮೇಲೆ ನನಗೆ ಬೇರೆ ಸಾಣಿಗೆ ಬಂತು, ಅದಕ್ಕೆ ಕೆಂಪು ದಾರ ಕಟ್ಟಿದರು. ಸಾಣಿಸಿದ್ದನ್ನು ಕರಿ ತಟ್ಟೆಯಲ್ಲಿ ಹರಡಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಸೊನ್ನೆ ನಂಬರಿನ ಬ್ರಷ್ಷಿನಿಂದ ಒಂದೊಂದೇ ಚಿಪ್ಪು ಎತ್ತಬೇಕು. ಬ್ರಷ್ಷಿನ ತುದಿ ಸ್ವಲ್ಪ ಒದ್ದೆ ಇರಬೇಕು. ಎಲ್ಲರೂ ನಾಲಿಗೆಗೆ ತಾಗಿಸಿಯೇ ಒದ್ದೆ ಮಾಡುತ್ತಾರೆ, ನಾನೂ ಹಾಗೇ ಮಾಡುತ್ತೇನೆ. ಇದನ್ನು ನೋಡಿದ ದಿನದಿಂದ ಅತ್ತೆಯವರು ಆ ಟೇಬಲ್ಲನ್ನೇ ಎಂಜಲು ಅಂತ ಘೋಷಿಸಿ, ಅದರ ಮೇಲೆ ನೀರಿನ ಲೋಟ ಕೂಡ ಇಡುವುದಿಲ್ಲ. ನನಗೆ ಅನುಕೂಲವೇ ಆಯಿತು.

ಒಂದು ಮಳೆಗಾಲದ ರಜೆಯಲ್ಲಿ ಹೀಗೆ ಆರಿಸುವಾಗ ಐದು ಚಿಪ್ಪು ಸಿಕ್ಕವು. ಎರಡು ಮಿಲಿಮೀಟರ್ ಉದ್ದ, ಹಾಲಿನ ಬಣ್ಣ, ಮೈಮೇಲೆ ಹೆಣೆದ ಹಾಗೆ ಗೆರೆ. ನನ್ನ ಹತ್ತಿರ ಇದ್ದ ಪುಸ್ತಕ, ಪಟ್ಟಿ, ಫೋಟೋ ಎಲ್ಲ ತಿರುವಿದೆ. ಎಲ್ಲೂ ಇಲ್ಲ! ರಾತ್ರಿ ಒಂದು ಗಂಟೆಗೆ ಯಜಮಾನರನ್ನು ಎಬ್ಬಿಸಿ, "ಹೊಸದು ಸಿಕ್ಕದ್ರಿ, ಯಾರೂ ಹೆಸರಿಟ್ಟಿಲ್ಲ" ಅಂದೆ. ಅವರು ಕಣ್ಣು ಬಿಡದೆ, "ಹಂಗಾದ್ರ ಮುಂಜಾನೆ ತನಕಾ ಯಾರೂ ಇಡೂದಿಲ್ಲ, ಮಲಕೋ" ಅಂದರು.

ಹೆಸರಿಡುವುದು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ತಿಳಿಸುವುದು ಭಾಳ ಸುಲಭ. ನಮ್ಮಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಬೆಲ್ಲದ ಅಂತ ಅಡ್ಡಹೆಸರುಗಳಿವೆ. (ನಾಲ್ಕೂ ಮನೆಯವರು ಒಂದೇ ಓಣಿಯಲ್ಲಿದ್ದರೆ ಅರ್ಧ ಅಡಿಗೆ ಆದ ಹಾಗೆ.) ಪ್ರಾಣಿಗಳಿಗೂ ಹಾಗೇ ಎರಡು ಹೆಸರು, ಆದರೆ ಅಡ್ಡಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಈ ಪದ್ಧತಿಯ ಲೆಕ್ಕ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ತಂದ ಪುಸ್ತಕದಿಂದ ಶುರು. ಅದಕ್ಕೂ ಹಿಂದಿನ ಹೆಸರು ಎಷ್ಟೇ ಚಂದ ಇದ್ದರೂ ನಡೆಯುವುದಿಲ್ಲ. ಮುಂದೆ ಯಾರೋ ಬಂದು, ಈ ಹುಳು ಈ ಮನೆತನದ್ದಲ್ಲ ಆ ಮನೆತನದ್ದು ಅಂತ ತೋರಿಸಿದರೆ, ಮದುವೆಯಾದ ಹುಡುಗಿಯ ಹಾಗೆ ಅಡ್ಡಹೆಸರು ಬದಲಾಗುತ್ತದೆ. ಸ್ವಂತ ಹೆಸರು ಉಳಿಯುತ್ತದೆ, ಬರೆಯುವಾಗ ಅದರ ಪಕ್ಕದಲ್ಲೇ ನಿಲ್ಲುತ್ತಿದ್ದ ಹೆಸರಿಟ್ಟವನು ಮಾತ್ರ ಕಂಸದೊಳಗೆ ಹೋಗಿ ಕೂರುತ್ತಾನೆ. ತವರುಮನೆಯ ಅಪ್ಪ ಕಟ್ಟೆಯ ಮೇಲೆ ಕೂತ ಹಾಗೆ.

ಎಲ್ಲಕ್ಕಿಂತ ಮುಖ್ಯ, ಆ ಹೆಸರಿಗೆ ಒಂದೇ ಒಂದು ಚಿಪ್ಪು ಸಾಕ್ಷಿ. ಅದಕ್ಕೆ ಹೋಲೋಟೈಪ್ ಅನ್ನುತ್ತಾರೆ. ನೂರು ವರ್ಷದ ಮೇಲೆ ಯಾರಾದರೂ ಜಗಳ ತೆಗೆದರೆ ಅದನ್ನೇ ಹೊರಗೆ ತೆಗೆದು ನೋಡಬೇಕು. ಆದ್ದರಿಂದ ಅದನ್ನು ಯಾವ ಸಂಗ್ರಹಾಲಯದಲ್ಲಿ ಇಡುತ್ತೀರಿ ಅಂತ ಬರೆದು ಕೊಡಬೇಕು. ಐದರಲ್ಲಿ ಒಂದು ಚಲೋದನ್ನು ಆರಿಸಿ ಕಳಿಸಿದರಾಯಿತು ಅಂದುಕೊಂಡೆ.

ಮೊದಲನೇದು ಚಿಮಟದಿಂದ ಹೋಯಿತು. ಫೋನ್ ಬಂತು ಅಂತ ಬ್ರಷ್ ಬಿಟ್ಟು ಚಿಮಟದಲ್ಲಿ ಹಿಡಿದೆ. ಟಿಕ್ ಅಂತ ಸಣ್ಣ ಶಬ್ದ, ಅಷ್ಟೇ. ಫರಸಿಯ ಮೇಲೆ ಟಾರ್ಚ್ ಹಚ್ಚಿ ಎರಡು ತಾಸು ಹುಡುಕಿದೆ. ಸಿಕ್ಕಿದ್ದು ನಾಲ್ಕು ರವೆ ಕಾಳು, ಒಂದು ಇರುವೆಯ ತಲೆ, ಮತ್ತು ಮೂರು ವರ್ಷದ ಹಿಂದೆ ಕಳೆದ ಕಿವಿಯೋಲೆಯ ತಿರುಪು.

ಮುಂದಿನ ಎರಡನ್ನು ಕಳೆದಿದ್ದು ನನ್ನ ಜಾಣತನ. ಭದ್ರವಾಗಿರಲಿ ಅಂತ ಸಣ್ಣ ರಟ್ಟಿನ ಡಬ್ಬಿಯಲ್ಲಿ ಹತ್ತಿ ಇಟ್ಟು ಹೊಸ ಪ್ಲೈವುಡ್ ಕಪಾಟಿನಲ್ಲಿ ಇಟ್ಟಿದ್ದೆ. ಮಳೆಗಾಲ ಮುಗಿದ ಮೇಲೆ ತೆಗೆದರೆ ಚಿಪ್ಪಿನ ಮೇಲೆಲ್ಲ ಬಿಳಿ ಪುಡಿ. ಅತ್ತೆಯವರು ಇಣುಕಿ ನೋಡಿ, "ಬೂಸ್ಲು ಬಂದೈತಿ, ಎಣ್ಣಿ ಕಡಿಮಿ ಹಾಕೀದಿ" ಅಂದರು, ಉಪ್ಪಿನಕಾಯಿಗೆ ಹೇಳುವ ಹಾಗೆ. ಇದು ಬೂಸ್ಲು ಅಲ್ಲ, ಬೈನ್ ರೋಗ. ಬೈನ್ ಅನ್ನುವವರು 1899ರಲ್ಲಿ ಇದರ ಬಗ್ಗೆ ಬರೆದರು, ಬ್ಯಾಕ್ಟೀರಿಯಾದಿಂದ ಬರುತ್ತದೆ ಅಂತ ತಿಳಿದಿದ್ದರು. ಅದು ರೋಗವೇ ಅಲ್ಲ. ಕಟ್ಟಿಗೆ, ರಟ್ಟಿನಿಂದ ಬರುವ ಹುಳಿ ಆವಿ ಚಿಪ್ಪಿನ ಸುಣ್ಣವನ್ನು ತಿನ್ನುತ್ತದೆ. ವಿನೆಗರಿನ ಆಮ್ಲ ಅದು. ಅಂದರೆ ನಾನು ಎರಡು ತಿಂಗಳು ನನ್ನ ಚಿಪ್ಪುಗಳನ್ನು ಉಪ್ಪಿನಕಾಯಿಯೇ ಹಾಕಿದ್ದೆ. ಅತ್ತೆಯವರ ಮಾತು ಪೂರ್ತಿ ತಪ್ಪೇನಲ್ಲ.

ಉಳಿದವು ಎರಡು. ಎರಡಕ್ಕೂ ತುದಿ ಮುರಿದಿತ್ತು. ದೊಡ್ಡ ಶಂಖದಲ್ಲಿ ತುದಿ ಹೋದರೆ ಯಾರೂ ಕೇಳುವುದಿಲ್ಲ, ಈ ಸಣ್ಣವುಗಳಲ್ಲಿ ತುದಿಯೇ ಜಾತಕ. ಹುಳು ಮರಿಯಿದ್ದಾಗ ಕಟ್ಟಿಕೊಂಡ ಚಿಪ್ಪು ಹಾಗೇ ತುದಿಯಲ್ಲಿ ಉಳಿದಿರುತ್ತದೆ. ಅಲ್ಲಿ ಸಣ್ಣ ಸಣ್ಣ ಸುತ್ತು ಜಾಸ್ತಿ ಇದ್ದರೆ ಮರಿ ಸಮುದ್ರದಲ್ಲಿ ತೇಲುತ್ತ, ಮೇಯುತ್ತ ಊರೂರು ತಿರುಗಿದೆ ಅಂತ ಲೆಕ್ಕ. ಸುತ್ತು ಕಡಿಮೆ, ತುದಿ ದಪ್ಪ ಇದ್ದರೆ ಮನೆ ಬಿಟ್ಟು ಹೋದದ್ದಲ್ಲ. ಜಾತಕ ಇಲ್ಲದೆ ಈ ಮದುವೆ ಆಗುವುದಿಲ್ಲ. ಹಾಗಾಗಿ ಬಾಕಿ ಉಸುಕನ್ನೆಲ್ಲ ಮತ್ತೆ ಆರಿಸಬೇಕು ಅಂತ, ಸಾಣಿಸಿಟ್ಟ ನುಣ್ಣನೆ ಬಿಳಿ ಉಸುಕನ್ನು ಒಂದು ಸ್ಟೀಲ್ ಡಬ್ಬಿಗೆ ತುಂಬಿ ಕಿಟಕಿಯಲ್ಲಿ ಇಟ್ಟು ಮಲಗಿದೆ.

ಮರುದಿನ ಶುಕ್ರವಾರ. ಎದ್ದು ಹೊರಗೆ ಬಂದರೆ ಅತ್ತೆಯವರು ಅಂಗಳ ಸಾರಿಸಿ ದೊಡ್ಡ ಕಮಲದ ರಂಗೋಲಿ ಹಾಕಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾರೆ. "ಈ ಸಲದ ರಂಗೋಲಿ ಪುಡಿ ಸುಮಾರ ಐತೆವಾ. ಗೆರಿ ಹರಿಯೂದಿಲ್ಲ, ಹರಳ ಹರಳ. ಎಲ್ಲಿ ತಂದಿ?"

ಕಾರವಾರದಿಂದ ಅನ್ನಲು ಬಾಯಿಯೇ ಬರಲಿಲ್ಲ. ಡಬ್ಬಿ ತಳದಲ್ಲಿ ಒಂದು ಚಮಚ ಉಳಿದಿತ್ತು. ಮಿಕ್ಕ ಸಮುದ್ರವೆಲ್ಲ ಹದಿನಾರು ಎಸಳಾಗಿ ಅಂಗಳದಲ್ಲಿ ಅರಳಿತ್ತು, ನಡುವೆ ಅರಿಶಿಣ ಕುಂಕುಮ ಬೇರೆ.

ನಾನು ಭೂತಗನ್ನಡಿ, ಬ್ರಷ್ ಹಿಡಿದು, ಉಟ್ಟ ನೈಟಿಯಲ್ಲೇ ಮೊಣಕಾಲೂರಿ ಕೂತೆ. ಎಸಳಿಗೆ ಎಸಳು ಉಲ್ಟಾ ಗುಡಿಸುತ್ತ ಬಂದೆ. ಹಾಲಿನವ ಬಂದ. "ಮೂಗಬಟ್ಟು ಕಳದೈತೇನ್ರಿ ಅಕ್ಕಾರ?" ಅಂದ. ಅದಕ್ಕಿಂತ ಸಣ್ಣದು ಅಂದೆ. ಹರಳು ಅಂತ ತಿಳಿದು ಪಾಪ ಅವನೂ ಕ್ಯಾನ್ ಇಳಿಸಿ ಕೂತ. ಅವನನ್ನು ನೋಡಿ ಎದುರು ಮನೆಯವರು ಬಂದರು. "ಎಷ್ಟು ಗ್ರಾಂ ಇತ್ರಿ?" ಅಂತ ಕೇಳಿದರು. ಗ್ರಾಂ ಅಲ್ಲ, ಅದು ಒಂದು ಹುಳುವಿನ ಚಿಪ್ಪು, ಹುಳು ಸತ್ತು ಭಾಳ ದಿನ ಆಗಿದೆ ಅಂತ ನಾನು ನಿಜ ಹೇಳಿದೆ. ಅಂಗಳದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಾಲಿನವ ಮೆಲ್ಲಗೆ ಎದ್ದು ಅತ್ತೆಯವರ ಕಡೆ ತಿರುಗಿ, "ಅಕ್ಕಾರಿಗೆ ಪರೀಕ್ಷೆ ಪೇಪರ್ ಭಾಳ ಬಂದಾವೇನ್ರಿ ಈ ಸಲ?" ಅಂದ.

ಆದರೆ ಸಿಕ್ಕಿತು! ಒಂಬತ್ತನೇ ಎಸಳಿನ ತುದಿಯಲ್ಲಿ, ಸ್ವಲ್ಪ ಅರಿಶಿಣ ಮೆತ್ತಿಕೊಂಡು, ತುದಿ ಮುರಿಯದ ಇಡೀ ಚಿಪ್ಪು. ಹಿಂದಿನ ಐದಕ್ಕಿಂತ ಚಲೋದು. ಯಜಮಾನರು, "ಸಿಕ್ಕ ಜಾಗ ಏನಂತ ಬರೀತಿ? ಸಪ್ತಾಪುರ, ನಮ್ಮ ಅಂಗಳ?" ಅಂದರು. ಹಾಗೆ ಬರೆದರೆ ಧಾರವಾಡಕ್ಕೆ ನಿಜವಾಗಿಯೂ ಸಮುದ್ರ ಬಂದಂತಾಗುತ್ತಿತ್ತು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆಸಬೇಕಾದರೆ ಚಿಪ್ಪಿಗೆ ಚಿನ್ನದ ಲೇಪ ಕೊಡುತ್ತಾರೆ, ಕಣ್ಣಿಗೆ ಕಾಣದಷ್ಟು ತೆಳ್ಳಗೆ. ತುದಿ ಮುರಿದ ಎರಡರಲ್ಲಿ ಒಂದಕ್ಕೆ ಕೊಡಿಸಿದೆ. "ಹುಳಕ್ಕ ಬಂಗಾರ ಹಾಕಸ್ತಿ, ನನ್ನ ಪಾಟ್ಲಿ ಪಾಲಿಶ್ ಮಾಡ್ಸು ಅಂದ್ರ ರೇಟ್ ಜಾಸ್ತಿ ಅಂತಿ" ಅಂತ ಅತ್ತೆಯವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ನಾನೇ ರಾಜಿಗೆ ಹೋದೆ. ಟ್ರೈಫೊರಿಡೇ ಅಂತ ಒಂದು ಕುಟುಂಬದ ಹುಳು ತೋರಿಸಿದೆ. ಅಕ್ಕಿ ಕಾಳಿನಷ್ಟಿರುತ್ತವೆ, ಸ್ಪಂಜು ತಿಂದು ಬದುಕುತ್ತವೆ, ಮತ್ತು ಉಳಿದ ಶಂಖಗಳ ಹಾಗಲ್ಲದೆ ಹೆಚ್ಚುಕಡಿಮೆ ಎಲ್ಲವೂ ಎಡಕ್ಕೆ ಸುತ್ತುತ್ತವೆ. ತಮಾಷೆ ಅಂದರೆ ನಾವು ಎಡ ಅನ್ನುವುದನ್ನೇ ದೇವರ ಮನೆಯವರು ಬಲಮುರಿ ಅನ್ನುತ್ತಾರೆ, ಯಾಕಂದರೆ ನಾವು ಚೂಪು ತುದಿ ಮೇಲೆ ಮಾಡಿ ನೋಡುತ್ತೇವೆ, ಅವರು ಅದನ್ನು ಕೆಳಗೆ ಮಾಡಿ ಹಿಡಿಯುತ್ತಾರೆ. "ಬಲಮುರಿ? ಇಷ್ಟೊಂದ?" ಅಂತ ಅತ್ತೆಯವರ ಕಣ್ಣು ದೊಡ್ಡದಾಯಿತು. ಒಂದು ಈಗ ನಮ್ಮ ದೇವರ ಜಗುಲಿಯ ಮೇಲಿದೆ. ಅದರಲ್ಲಿ ತೀರ್ಥ ಹಾಕಲು ಸೂಜಿ ಬೇಕು, ಅದು ಬೇರೆ ವಿಷಯ.

ಆಮೇಲೆ ಬರೆಯಲು ಕೂತೆ. ಉದ್ದ ಎಷ್ಟು, ಸುತ್ತು ಎಷ್ಟು, ಗೆರೆ ಎಷ್ಟು, ಬಾಯಿ ದುಂಡಗೋ ಓರೆಯೋ, ಅಕ್ಕತಂಗಿಯರಿಗಿಂತ ಇವಳು ಹೇಗೆ ಬೇರೆ. ಹೆಣ್ಣು ತೋರಿಸುವ ಮನೆಯ ಬಯೋಡೇಟಾ ಕೂಡ ಇಷ್ಟು ಕೂಲಂಕಷ ಇರುವುದಿಲ್ಲ. ಹೆಸರಿನ ಚರ್ಚೆ ಊಟದ ಹೊತ್ತಿಗೆ ನಡೆಯಿತು. ಯಜಮಾನರಿಗೆ "ಗಿರ್ಮಿಟಿ" ಆಗಬೇಕಿತ್ತು. ಅತ್ತೆಯವರು, "ನನ್ನ ಹೆಸರ ಇಡೂದೇನ ಬ್ಯಾಡ" ಅಂತ ಯಾರೂ ಕೇಳದೇ ಇದ್ದಾಗಲೇ ಮೂರು ಸಲ ಹೇಳಿದರು. ಅರ್ಥ ಆಯಿತು. ಹೆಂಗಸಿನ ಹೆಸರಿಡುವಾಗ ಲ್ಯಾಟಿನ್ನಿನಲ್ಲಿ ಕೊನೆಗೆ "ಏ" ಅಂತ ಬಾಲ ಬರುತ್ತದೆ. ನಮ್ಮ ಕಡೆ ಕರೆದ ಹಾಗೇ ಕೇಳಿಸುತ್ತದೆ ಅಂತ ಅವರಿಗೂ ಒಪ್ಪಿಗೆಯಾಯಿತು.

ಪತ್ರಿಕೆಗೆ ಕಳಿಸಿದೆ. ಇಬ್ಬರು ಪರಿಣತರು ಓದಿ ಅಭಿಪ್ರಾಯ ಬರೆಯುತ್ತಾರೆ. ಮೊದಲನೆಯವರು ನಾಲ್ಕು ಪುಟ ಬರೆದು ಕೊನೆಗೆ ಚಲೋ ಇದೆ ಅಂದರು. ಎರಡನೆಯವರದು ಒಂದೇ ಸಾಲು: ಮುಂಬೈಯ ಹಳೆ ಚಿಪ್ಪುಗಳ ಜೊತೆ ಹೋಲಿಸಿ ನೋಡಿದ್ದೀರಾ?

ನೋಡಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಜೇಮ್ಸ್ ಕಾಸ್ಮೊ ಮೆಲ್ವಿಲ್ ಅಂತ ಒಬ್ಬ ಇದ್ದ. ಇಲ್ಲಿಯವರು ಕಳಿಸಿದ್ದನ್ನು ಇಂಗ್ಲೆಂಡಿನಲ್ಲಿ ಕೂತು ನೋಡಿ ಹೆಸರಿಡುತ್ತಿದ್ದ. ಮುಂಬೈಯಿಂದ ಅಬರ್‌ಕ್ರಾಂಬಿ ಕಳಿಸಿದ ಚಿಪ್ಪುಗಳಲ್ಲಿ 25 ಹೊಸ ಪ್ರಭೇದಗಳಿಗೆ 1893ರಲ್ಲಿ ಒಂದೇ ಏಟಿಗೆ ಹೆಸರಿಟ್ಟ. ತಂತಿ ಕೇಬಲ್ ಹಾಕುವ ಹಡಗಿನ ಟೌನ್‌ಸೆಂಡ್ ಅನ್ನುವ ಕ್ಯಾಪ್ಟನ್ ಅರಬ್ಬಿ ಸಮುದ್ರದ ತಳ ಕೆರೆದು ಕಳಿಸಿದ್ದಕ್ಕೂ ಸ್ಟ್ಯಾಂಡನ್ ಅನ್ನುವವನ ಜೊತೆ ಸೇರಿ ಹೆಸರಿಟ್ಟ. ಒಂದೇ ಜನ್ಮದಲ್ಲಿ ಅಷ್ಟು ಕೂಸಿಗೆ ಕುರ್ರ್ ಅಂದವನ ಬೆನ್ನಿನ ಗತಿ ಏನಾಗಿರಬೇಡ! ಆ ಕಾಲದ ಬರಹಗಳಲ್ಲಿ ವಿವರಣೆ ಲ್ಯಾಟಿನ್ನಿನಲ್ಲಿ, ಚಿತ್ರ ಸಾಸಿವೆಯಷ್ಟು. ಅಂಥ ಒಂದು ವಿವರಣೆಯನ್ನು ನಿಘಂಟು ಹಿಡಿದು ಮೂರು ರಾತ್ರಿ ಬಿಡಿಸಿದೆ. ಗೆರೆ ಅದೇ. ಬಾಯಿ ಅದೇ. ವಿದೇಶದ ಸಂಗ್ರಹಾಲಯಕ್ಕೆ ಬರೆದೆ. ಅಲ್ಲಿಯವರು ಭಾಳ ಸೌಜನ್ಯದಿಂದ ಫೋಟೋ ಕಳಿಸಿದರು.

ಅದೇ ಚಿಪ್ಪು. ಅರಿಶಿಣ ಒಂದಿರಲಿಲ್ಲ.

ನನಗಿಂತ ದೊಡ್ಡವರೂ ಜಾರಿದ್ದಾರೆ ಅಂತ ಸಮಾಧಾನ ಮಾಡಿಕೊಂಡೆ. ಯುರೋಪಿನ ದಂಡೆಯಲ್ಲಿ ಲಿಟೊರಿನಾ ಸ್ಯಾಕ್ಸಾಟಿಲಿಸ್ ಅಂತ ಒಂದು ಹುಳು ಇದೆ. 1792ರಲ್ಲೇ ಒಲಿವಿ ಅನ್ನುವವರು ಅದಕ್ಕೆ ಹೆಸರಿಟ್ಟಾಗಿತ್ತು. ಅದರ ಬಣ್ಣ, ಆಕಾರ ಬಂಡೆಯಿಂದ ಬಂಡೆಗೆ ಬದಲಾಗುವುದರಿಂದ ಆಮೇಲೆ ಬಂದವರು ನೂರಕ್ಕೂ ಹೆಚ್ಚು ಸಲ ಹೊಸದು, ಹೊಸದು ಅಂತ ಮತ್ತೆ ಹೆಸರಿಟ್ಟಿದ್ದಾರೆ. ನೂರು ತೊಟ್ಟಿಲು, ಒಂದೇ ಕೂಸು. ಹಾಗಂತ ಹೊಸದೇ ಇಲ್ಲ ಅಂತಲ್ಲ. ನ್ಯೂ ಕ್ಯಾಲೆಡೋನಿಯಾದ ಒಂದೇ ಜಾಗದಲ್ಲಿ ಹುಡುಕಿದಾಗ 2738 ಬಗೆಯ ಮೃದ್ವಂಗಿಗಳು ಸಿಕ್ಕವು ಅಂತ 2002ರಲ್ಲಿ ವರದಿಯಾಯಿತು, ಅದರಲ್ಲಿ ಐದಕ್ಕೊಂದು ಬಗೆಗೆ ಸಿಕ್ಕಿದ್ದು ಒಂದೇ ಒಂದು ಚಿಪ್ಪು. ಅವರ ಮನೆಯಲ್ಲಿ ಯಾರೂ ರಂಗೋಲಿ ಹಾಕಿರಲಿಲ್ಲ ಅಂತ ಕಾಣುತ್ತದೆ.

ಅತ್ತೆಯವರಿಗೆ ಹೇಳುವುದು ಹೇಗೆ ಅಂತ ಎರಡು ದಿನ ಒದ್ದಾಡಿ ಕೊನೆಗೆ ಹೇಳಿದೆ. ಕಡಲೆ ಕೇರುತ್ತಿದ್ದ ಮೊರ ಕೆಳಗಿಟ್ಟರು.

"ನೂರಾ ಮೂವತ್ತ ವರ್ಷದ ಹಿಂದನ ಹೆಸರಿಟ್ಟಾರ?"

"ಹೂಂ ರೀ."

"ಅಂದ್ರ ಅದು ಕೂಸಲ್ಲ, ಮುತ್ತಜ್ಜಿ." ಹತ್ತಿರ ಬಂದು ನನ್ನ ಬೆನ್ನಿಗೆ ಮೆತ್ತಗೆ ಒಂದು ಗುದ್ದಿದರು. "ಶಾಸ್ತ್ರಕ್ಕ ಒಂದಿರಲಿ. ಆ ಡಬ್ಬಿ ಇನ್ನ ಖಾಲಿ ಮಾಡ್ತಿಯಲಾ?"

ಖಾಲಿ ಮಾಡುವ ಹಾಗಿಲ್ಲ. ತಳದಲ್ಲಿ ಉಳಿದಿದ್ದ ಆ ಒಂದು ಚಮಚ ಉಸುಕಿನಲ್ಲಿ ಇನ್ನೊಂದು ಚಿಪ್ಪಿದೆ, ಕಂದು ಬಣ್ಣದ್ದು, ಹೊಟ್ಟೆಯ ಮೇಲೆ ಮೂರು ಏಣು. ಯಾವ ಪಟ್ಟಿಯಲ್ಲೂ ಕಾಣಿಸುತ್ತಿಲ್ಲ. ಈ ಸಲ ಲ್ಯಾಟಿನ್ ಮೊದಲು ಓದುತ್ತೇನೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಇದು ರಂಗೋಲಿ ಅಲ್ಲ" ಅಂತ ಚೀಟಿ ಅಂಟಿಸಿದ್ದೆ. ನಿನ್ನೆ ನೋಡಿದರೆ ಅದರ ಕೆಳಗೆ ಅತ್ತೆಯವರ ಕೈಬರಹದಲ್ಲಿ ಇನ್ನೊಂದು ಸಾಲು ಇತ್ತು: "ಉಪ್ಪೂ ಅಲ್ಲ. ನೋಡೇನಿ."