ಕೆಂಪಿಯ ಕಾವು

ನಾಟಿಕೋಳಿ ಸಾಕ್ತೀನಿ ಅಂತ ಬಾಯಿ ಬಿಟ್ರೆ ಸಾಕು, ಊರಲ್ಲಿರೋ ಅಷ್ಟೂ ಜನ ಬುದ್ಧಿ ಹೇಳೋಕೆ ಬರ್ತಾರೆ. ಮುಂಗುಸಿ ಬರುತ್ತೆ ಹುಷಾರು, ಹದ್ದು ಮರಿ ಎತ್ಕೊಂಡು ಹೋಗುತ್ತೆ, ರಾಣಿಖೇತ್ ಲಸಿಕೆ ಹಾಕ್ಸು, ರಾತ್ರಿ ಗೂಡಿನ ಬಾಗ್ಲು ಭದ್ರ ಮಾಡು, ಎಲ್ಲಾ ಹೇಳ್ತಾರೆ. ಕಾವಿಗೆ ಕೂತು ಜಪ್ಪಯ್ಯ ಅಂದ್ರೂ ಏಳದೇ ಇರೋ ಹೇಟೇನ ಏನು ಮಾಡ್ಬೇಕು ಅಂತ ಮಾತ್ರ ಒಬ್ರೂ ಮೊದ್ಲೇ ಹೇಳಲ್ಲ. ಅದು ಕೂತ್ಮೇಲೆ ಹೇಳ್ತಾರೆ, ಅದೂ ಒಬ್ಬೊಬ್ರು ಒಂದೊಂದು ಥರ.

ನಮ್ದು ಚನ್ನರಾಯಪಟ್ಟಣದ ಹತ್ರ ಹಳ್ಳಿ. ಹಿತ್ತಲಲ್ಲಿ ಸೀಬೆ ಮರದ ಕೆಳಗೆ ನಾಲ್ಕೈದು ಹೇಟೆ ಓಡಾಡ್ಕೊಂಡಿವೆ, ಅದ್ರಲ್ಲಿ ಒಬ್ಳು ಈ ಕೆಂಪಿ. ಹುಂಜಾನೂ ಒಂದಿತ್ತು, ಆದ್ರೆ ಯುಗಾದಿ ಮಾರನೇ ದಿನ ಹೊಸತೊಡಕಿಗೆ ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ನೆಂಟರು ಬಂದ್ರು ನೋಡಿ, ಸಾರಾಗೋಯ್ತು. ಹುಂಜ ಹೋದ್ಮೇಲೂ ಒಂದೆರಡು ವಾರ ಇಡೋ ಮೊಟ್ಟೇಲಿ ಜೀವ ಇರುತ್ತೆ, ಆಮೇಲೆ ಇಟ್ಟಿದ್ದೆಲ್ಲಾ ಬರೀ ಆಮ್ಲೆಟ್ಟಿಗೆ. ಆ ವಾಯಿದೆ ಎಲ್ಲಾ ಮುಗಿದು, ಒಂದು ಮೊಟ್ಟೇಲೂ ಮರಿ ಆಗೋ ಯೋಗ ಇಲ್ಲ ಅಂತ ಗ್ಯಾರಂಟಿ ಆದ್ಮೇಲೆ ಕೆಂಪಿ ಕಾವಿಗೆ ಕೂತ್ಲು.

ಮೊದ್ಲು ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ನಾಟಿ ಹೇಟೆ ಅಂದ್ರೆ ಹತ್ತೋ ಹದಿನೈದೋ ಮೊಟ್ಟೆ ಇಡೋದು, ಕಾವಿಗೆ ಕೂರೋದು, ಅದು ಅವುಗಳ ಜಾತಿ ಗುಣ. ಫಾರಂ ಕೋಳಿಗೆ ಆ ಗುಣಾನೇ ಇಲ್ದಂಗೆ ತಳಿ ಮಾಡ್ಬಿಟ್ಟಿದ್ದಾರೆ, ಅದಕ್ಕೇ ಅದು ವರ್ಷಕ್ಕೆ 300ರ ಹತ್ರ ಮೊಟ್ಟೆ ಇಟ್ಟು ಯಾವ್ದನ್ನೂ ತಿರುಗಿ ನೋಡಲ್ಲ. ನಮ್ ಕೆಂಪಿ ಹಂಗಲ್ಲ. ಸೌದೆ ಕೊಟ್ಟಿಗೇಲಿ ಹುಲ್ಲು ಹಾಕಿಟ್ಟಿರೋ ಮಂಕರಿ ಒಂದೇ ಎಲ್ಲಾ ಹೇಟೆಗಳಿಗೂ ಮೊಟ್ಟೆ ಇಡೋ ಜಾಗ, ಅದರ ತುಂಬಾ ರೆಕ್ಕೆ ಅಗಲಿಸ್ಕೊಂಡು ಇವಳು ಕೂತ್ಲು. ಮಿಕ್ಕವು ಬಂದು ಕಾಯೋದು, ಕೂಗೋದು, ಕೊನೆಗೆ ಇವಳ ಪಕ್ಕ ಹೆಂಗೋ ನುಗ್ಗಿ ಇಟ್ಬಿಟ್ಟು ಓಡೋದು. ಅವು ಇಟ್ಟಿದ್ದನ್ನ ಇವಳು ಕೊಕ್ಕಲ್ಲಿ ಮೆಲ್ಲಗೆ ಎಳ್ಕೊಂಡು ಹೊಟ್ಟೆ ಅಡಿ ಸೇರಿಸ್ಕೊಳ್ಳೋಳು. ನಾನು ತೆಗೆಯೋಕೆ ಕೈ ಹಾಕಿದ್ರೆ ಕುಕ್ಕರ್ ವಿಷಲ್ ಬರೋ ಮುಂಚೆ ಕುರ್ರ್ ಅನ್ನುತ್ತಲ್ಲ ಹಂಗೆ ಒಂದು ಸದ್ದು, ಆಮೇಲೆ ಮುಂಗೈ ಚರ್ಮ ಹಿಡಿದು ಒಂದು ತಿರುವು. ಕುಕ್ಕೋದಲ್ಲ ರೀ, ತಿರುವೋದು. ನಮ್ಮನೆಯವ್ರ ಬೈಕ್ ಗ್ಲೌಸ್ ಹಾಕ್ಕೊಂಡು ಮೊಟ್ಟೆ ತೆಗೆಯೋ ಪರಿಸ್ಥಿತಿ ಬಂತು.

ಮೊಟ್ಟೆ ಇಲ್ದಿದ್ರೆ ಏಳ್ತಾಳೆ ಅಂತ ಎಲ್ಲಾ ತೆಗೆದೆ. ಬರೀ ಹುಲ್ಲಿನ ಮೇಲೆ ಕೂತ್ಲು. ಹುಲ್ಲು ತೆಗೆದೆ, ಮಂಕರಿ ಮೇಲೆ ಕೂತ್ಲು. ಮಂಕರೀನೇ ಅಟ್ಟಕ್ಕೆ ಹಾಕಿದ್ರೆ ಮೂಲೇಲಿ ಉರುಳಿದ್ದ ಎರಡು ಆಲೂಗಡ್ಡೆ ಹುಡುಕ್ಕೊಂಡು ಅದರ ಮೇಲೆ ಕೂತ್ಲು! ದಿನಕ್ಕೆ ಒಂದೇ ಸಲ ಏಳೋದು, ಅದೂ ಬಸ್ಸು ಹೊರಡೋ ಹೊತ್ತಾಯ್ತು ಅನ್ನೋ ಆತುರದಲ್ಲಿ, ಎರಡು ಗುಟುಕು ನೀರು, ನಾಲ್ಕು ರಾಗಿ ಕಾಳು, ಬೂದಿ ಗುಡ್ಡೇಲಿ ಒಂದು ಹೊರಳು, ಇಡೀ ದಿನದ್ದು ಕೂಡಿಟ್ಟ ಒಂದೇ ಒಂದು ಹಿಕ್ಕೆ, ಅದರ ಸೈಜು ಮತ್ತೆ ನಾತದ ಬಗ್ಗೆ ನಾನು ಹೇಳಲ್ಲ, ಊಟದ ಹೊತ್ತಲ್ಲಿ ಓದೋರೂ ಇರ್ತೀರ.

ಇಷ್ಟೊತ್ತಿಗೆ ಸಲಹಾ ಸಮಿತಿ ಸೇರಿತ್ತು. ಪಕ್ಕದ ಮನೆ ಅಜ್ಜಿ, "ಅದ್ರುದ್ದೇ ಒಂದು ಪುಕ್ಕ ಕಿತ್ತು ಮೂಗಿನ ತೂತಲ್ಲಿ ಈ ಕಡೆಯಿಂದ ಆ ಕಡೆಗೆ ತೂರ್ಸವ್ವಾ, ತಾನಾಗೇ ಏಳ್ತದೆ" ಅಂದ್ರು. ಹಳ್ಳಿ ಕಡೆ ಇದು ಹಳೇ ವೈದ್ಯ, ಆದ್ರೆ ನನ್ ಕೈಲಾಗಲ್ಲ ಅಂದೆ. ಅತ್ತೆ ತಣ್ಣೀರಲ್ಲಿ ಅದ್ದು ಅಂದ್ರು, ಬಕೆಟಲ್ಲಿ ಹೊಟ್ಟೆ ಮುಳುಗೋವರೆಗೂ ಅದ್ದಿದ್ದೂ ಆಯ್ತು. ಬಿಸಿಲಿಗೆ ಕೆಂಪಿಗೆ ಹಿತ ಅನ್ನಿಸ್ತು ಅಂತ ಕಾಣುತ್ತೆ, ಕಣ್ಣು ಮುಚ್ಕೊಂಡು ಸುಮ್ನಿದ್ಲು, ಬಿಟ್ಟ ತಕ್ಷಣ ಒದ್ದೆ ಹೊಟ್ಟೆ ಸಮೇತ ಓಡೋಗಿ ಆಲೂಗಡ್ಡೆ ಮೇಲೆ ಕೂತ್ಲು.

ನಮ್ಮನೆಯವ್ರು ಯೂಟ್ಯೂಬ್ ನೋಡಿ ಬಂದು ಇದೆಲ್ಲಾ ಹಾರ್ಮೋನ್ ಕಣೆ, ಪ್ರೊಲ್ಯಾಕ್ಟಿನ್ ಅಂತ, ಹೊಟ್ಟೆ ಅಡಿ ಬಿಸಿ ಇರೋವರೆಗೂ ಇಳಿಯಲ್ಲ ಅಂತ ಪಾಠ ಮಾಡಿದ್ರು. ಅದಕ್ಕೆ ಅಡಿಗೆ ಗಾಳಿ ಆಡ್ಬೇಕಂತೆ. ಮಕ್ಳು ಸಾಕಿದ್ದ ಲವ್ ಬರ್ಡ್ಸ್ ಪಂಜರ ಖಾಲಿ ಬಿದ್ದಿತ್ತು, ತಳದಲ್ಲೂ ತಂತಿನೇ, ಅದನ್ನ ನಾಲ್ಕು ಇಟ್ಟಿಗೆ ಮೇಲೆ ನಿಲ್ಸಿ ಕೆಂಪೀನ ಒಳಗೆ ತುರುಕಿ, ಗಾಳಿ ಸಾಲ್ದು ಅಂತ ಕೆಳಗಿಂದ ಟೇಬಲ್ ಫ್ಯಾನ್ ಬೇರೆ. ಮಾವ ಜಗಲಿ ಮೇಲೆ ಬೀಸಣಿಗೆ ಹಿಡ್ಕೊಂಡು ಬೆವರು ಒರೆಸ್ಕೊಳ್ತಾ ಇದನ್ನ ತುಂಬಾ ಹೊತ್ತು ನೋಡಿದ್ರು. "ಈ ಮನೇಲಿ ಮುಂದಿನ ಜನ್ಮಕ್ಕೆ ಕೋಳಿಯಾಗಿ ಹುಟ್ಬೇಕು" ಅಂತಷ್ಟೇ ಅಂದು ಒಳಗೆ ಹೋದ್ರು. ನನಗೂ ಅದೇ ಅನ್ನಿಸಿತ್ತು, ಕಾರಣ ಬೇರೆ. ಬೆಳಿಗ್ಗೆಯಿಂದ ರಾತ್ರಿವರೆಗೂ ನಾನು ಕೂತಿದ್ದನ್ನ ಈ ಮನೇಲಿ ಯಾರೂ ನೋಡಿಲ್ಲ. ಇವಳು ಕೂತ್ಕೊಂಡ್ರೆ ಏಳಿಸೋಕೆ ಒಂದು ಕಮಿಟಿ, ಒಂದು ಫ್ಯಾನು, ಅದರ ಕರೆಂಟ್ ಬಿಲ್ಲು.

ಪಂಜರದಿಂದ ಬಿಟ್ಟ ದಿನ ಸ್ವಲ್ಪ ಹೊತ್ತು ಅಂಗಳದಲ್ಲಿ ಠೀವಿಯಿಂದ ಓಡಾಡಿದ್ಲು, ನಮ್ಮನೆಯವ್ರು ಮೀಸೆ ತಿರುವ್ಕೊಂಡು "ನೋಡ್ದ್ಯಾ, ಸೈನ್ಸ್" ಅಂತಿರೋವಾಗ್ಲೇ ಹೋಗಿ ಅವರ ಶೂ ಮೇಲೆ ಕೂತ್ಲು.

ಇನ್ನು ಜೀವ ಇರೋ ಮೊಟ್ಟೆ ಇಟ್ಟು 21 ದಿನ ಕೂರಿಸ್ಬಿಡೋದೇ ವಾಸಿ ಅಂತ ತೀರ್ಮಾನ ಆಯ್ತು. ಅದಕ್ಕೆ ಹುಂಜ ಇರೋ ಮನೆ ಮೊಟ್ಟೆ ಬೇಕು, ಹುಂಜ ಇರೋದು ಅಜ್ಜಿ ಮನೇಲಿ. ಅಜ್ಜಿ ಹತ್ರ ಇರೋ ಹೇಟೆಗಳು ಗಿರಿರಾಜ, ಅವು ಮೊಟ್ಟೆ ಇಡ್ತವೆ, ಕಾವಿಗೆ ಕೂರೋ ಆಸಕ್ತಿ ಇಲ್ಲ, ಗಿರಿರಾಜದ ಮೊಟ್ಟೇನ ನಾಟಿ ಹೇಟೆ ಅಡಿ ಇಟ್ಟು ಮರಿ ಮಾಡ್ಸೋದು ನಮ್ ಕಡೆ ಮಾಮೂಲು. ಅಜ್ಜಿ ವ್ಯಾಪಾರಕ್ಕೇ ಕೂತ್ರು. "ನನ್ ಮೊಟ್ಟೆ ನಿಮ್ಮನೇಗೆ ಬರೋದು ಬ್ಯಾಡ, ನಿನ್ ಕೋಳೀನೇ ನಮ್ಮನೇಗೆ ಕಳ್ಸು, ಮರಿ ಅರ್ಧರ್ಧ." ನನಗೆ ಒಳಗೊಳಗೇ ಹಬ್ಬ, ಅರ್ಧ ಮರಿ ಬರ್ಲಿ ಬಿಡ್ಲಿ, ಮಂಕರಿ ಖಾಲಿ ಆಗುತ್ತಲ್ಲ.

ಕತ್ತಲಾದ್ಮೇಲೆ ಸಾಗಿಸಿದ್ವಿ, ಹಗಲಲ್ಲಿ ಜಾಗ ಬದಲಾಯಿಸಿದ್ರೆ ಕೋಳಿ ಗಾಬರಿ ಬೀಳುತ್ತೆ ಅಂತ. ಅಜ್ಜಿ ಹೊಸ ಮಂಕರಿಗೆ ಭತ್ತದ ಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಗುಡುಗಿಗೆ ಮೊಟ್ಟೆ ಕೆಡಬಾರ್ದು ಅಂತ ಒಂದು ಕಬ್ಬಿಣದ ಮೊಳೆ, ಒಂದು ತುಂಡು ಇದ್ದಿಲು, ಒಂದು ಒಣಮೆಣಸಿನಕಾಯಿ ಪಕ್ಕದಲ್ಲಿಟ್ರು. ಗುಡುಗಿಗೂ ಮೆಣಸಿನಕಾಯಿಗೂ ಏನು ಸಂಬಂಧ ಅಂತ ನಮ್ಮನೆಯವ್ರು ಬಾಯಿ ತೆಗೆದ್ರು, ನಾನು ಕಾಲು ತುಳಿದೆ.

ಬೆಳಿಗ್ಗೆ ಎದ್ದು ನೋಡಿದ್ರೆ ಕೆಂಪಿ ಅಜ್ಜಿ ಮನೆ ತಿಪ್ಪೆ ಮೇಲೆ! ಪಕ್ಕದಲ್ಲಿ ಹುಂಜ. ಅದು ಒಂದು ರೆಕ್ಕೆ ಕೆಳಗೆ ಬಿಟ್ಕೊಂಡು ಸುತ್ತು ಹಾಕ್ತಾ ಇದೆ, ಇವಳು ಕೆದಕ್ತಾ ಇದಾಳೆ, ಮಂಕರಿ ಕಡೆ ಕಣ್ಣೆತ್ತಿ ನೋಡ್ತಿಲ್ಲ, ಮೊಟ್ಟೆ ತಣ್ಣಗೆ. ಜಾಗ ಬದಲಾದ್ರೆ ಎಷ್ಟೋ ಹೇಟೆ ಕಾವು ಬಿಟ್ಬಿಡ್ತವೆ ಕಣೆ ಅಂತ ಅತ್ತೆ ಆಮೇಲೆ ಆರಾಮಾಗಿ ಹೇಳಿದ್ರು. ಬಕೆಟ್ ನೀರು ತುಂಬ್ಸೋವಾಗ ಇದು ಇವರಿಗೆ ನೆನಪಾಗಿರ್ಲಿಲ್ಲ.

ವಾಪಸ್ ತಂದ್ರೆ ಮತ್ತೆ ಎಲ್ಲಿ ಶೂ ಮೇಲೆ ಕೂರ್ತಾಳೋ ಅನ್ನೋ ಭಯಕ್ಕೆ "ಇರ್ಲಿ ಬಿಡಜ್ಜಿ ನಾಲ್ಕು ದಿನ" ಅಂದೆ. ನಾಲ್ಕು ದಿನ ಹೋಗಿ ವಾರ ಆಯ್ತು, ವಾರಗಳಾಯ್ತು, ಒಂದಿನ ಬೆಳಿಗ್ಗೆ ಬೇಲಿ ಆಚೆಯಿಂದ ಆ ಗುರುತಿನ ದನಿ, ಮೊಟ್ಟೆ ಇಟ್ಟು ಊರಿಗೆಲ್ಲಾ ಸಾರೋ ಕೊಕ್ಕೊಕ್ಕೋ. ನಾನು ಬಟ್ಟಲು ಹಿಡ್ಕೊಂಡು ಹೋದೆ.

"ಅಜ್ಜೀ, ನಮ್ ಕೆಂಪಿ ಮೊಟ್ಟೆ ಇಡ್ತಿದಾಳಂತಲ್ಲ?"

"ಹೂಂ ಕಣವ್ವಾ, ದಿನಾ ಬಿಟ್ಟು ದಿನಾ ಮಡುಗ್ತಾವ್ಳೆ."

"ಮತ್ತೆ... ನಮ್ ಕೋಳಿ ಅಲ್ವಾ..."

ಅಜ್ಜಿ ಮೊರದಲ್ಲಿ ರಾಗಿ ಕೇರೋದು ನಿಲ್ಲಿಸ್ಲೇ ಇಲ್ಲ. "ಕೋಳಿ ನಿಂದೇಯ, ನಾ ಎಲ್ಲಿ ಇಲ್ಲ ಅಂದೆ. ಕಾಳು ಹಾಕ್ದೋರು ಯಾರು? ಹುಂಜ ಯಾರ್ದು? ಸಂತೇಲಿ ನಾಟಿ ಮೊಟ್ಟೆ 15 ರೂಪಾಯಿಗೆ ಹೋಯ್ತದೆ. ನೀನು ಪಕ್ಕದ ಮನೆಯೋಳು, 12 ಕೊಡು."

ಚಿಲ್ಲರೆ ಇರ್ಲಿಲ್ಲ, ಫೋನ್‌ಪೇ ಮಾಡಿದೆ.