ಅಂಟಿದ್ದಕ್ಕೆ ಕಬ್ಬಿಣದ ದರ

ದೋಣಿಯನ್ನು ಹೊತ್ತು ಕಾರಿನ ಹಿಂದೆ ಸಾಗುವ ಗಾಡಿಯನ್ನು ಅಲ್ಯುಮಿನಿಯಂ ಟ್ರೇಲರ್ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಮಾರುವಾಗ ಅದರಲ್ಲಿ ಕಬ್ಬಿಣ ಎಷ್ಟಿದೆ ಎಂಬುದನ್ನು ಸಣ್ಣ ಅಕ್ಷರಗಳಲ್ಲಾದರೂ ಬರೆಯಬೇಕು ಎಂಬುದು ಈ ವಾರ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ. ಅಮೆರಿಕದ ಮಿನ್ನೆಸೋಟದಲ್ಲಿ ಹತ್ತು ಎಕರೆಗೆ ಮೇಲ್ಪಟ್ಟ ಕೆರೆಗಳೇ 11,842 ಇವೆಯಂತೆ. ಇಂಥ ಊರಿನಲ್ಲಿ ಮನೆ ಮಾಡಿದವರಿಗೆ ಒಂದಲ್ಲ ಒಂದು ದಿನ ದೋಣಿಯ ಹುಚ್ಚು ಹಿಡಿಯುವುದು ತಪ್ಪುವುದಿಲ್ಲ. ನನಗೂ ಹಿಡಿಯಿತು. ಸಹೋದ್ಯೋಗಿಯೊಬ್ಬರು ಹದಿನಾರು ಅಡಿಯ ದೋಣಿಯನ್ನು ಅಗ್ಗಕ್ಕೆ ಕೊಟ್ಟರು. ಅಗ್ಗಕ್ಕೆ ಕೊಡಲು ಕಾರಣ, ದೋಣಿಯ ಕೆಳಗಿದ್ದ ಬಣ್ಣ ಬಳಿದ ಕಬ್ಬಿಣದ ಟ್ರೇಲರ್ ತುಕ್ಕು ಹಿಡಿದು ಹುಡಿಯಾಗಿತ್ತು. ಇಲ್ಲಿನ ಕೆರೆಗಳ ನೀರು ಸಿಹಿನೀರೇ. ಆದರೆ ಚಳಿಗಾಲವಿಡೀ ಹಿಮ ಕರಗಿಸಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಸಮುದ್ರದಿಂದ ನೂರಾರು ಮೈಲಿ ದೂರವಿದ್ದರೂ ಕಬ್ಬಿಣಕ್ಕೆ ಕುಂದಾಪುರದ ಗತಿಯೇ ಬರುತ್ತದೆ.

ಹೀಗಾಗಿ ಹೊಸ ಟ್ರೇಲರ್ ಅಲ್ಯುಮಿನಿಯಮ್ಮಿನದೇ ಆಗಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಅದಕ್ಕೆ ಮೊದಲು ತೂಕದ ಲೆಕ್ಕವಾಗಬೇಕಿತ್ತು. ದೋಣಿಯ ಕಾಗದದಲ್ಲಿ ಬರೆದಿರುವ 900 ಪೌಂಡ್ ಬರಿಯ ಒಡಲಿನ ತೂಕ. ಅದರ ಹಿಂದೆ ತೂಗಾಡುವ ಎಂಜಿನ್ನಿನ 250 ಪೌಂಡ್, ಗ್ಯಾಲನ್ನಿಗೆ ಆರು ಪೌಂಡಿನಂತೆ ಇಪ್ಪತ್ತು ಗ್ಯಾಲನ್ ಪೆಟ್ರೋಲು, ಬ್ಯಾಟರಿ, ಲಂಗರು, ಹಗ್ಗ, ಐಸ್ ಪೆಟ್ಟಿಗೆ ಇವೆಲ್ಲವನ್ನೂ ನಾವೇ ಕೂಡಿಸಿಕೊಳ್ಳಬೇಕು. ಟ್ರೇಲರಿನ ತಗಡಿನ ಮೇಲೆ ಕೊರೆದಿರುವ ಒಟ್ಟು ಭಾರದ ಮಿತಿಯಲ್ಲಿ ಟ್ರೇಲರಿನ ಸ್ವಂತ ತೂಕವೂ ಸೇರಿರುವುದರಿಂದ ಅದನ್ನು ಕಳೆಯಬೇಕು. ಈ ಕೂಡುವ ಕಳೆಯುವ ಕೆಲಸವನ್ನೆಲ್ಲ ನನ್ನ ಮಾವನವರು ಬಹಳ ಸಂತೋಷದಿಂದ ವಹಿಸಿಕೊಂಡರು. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಸ್ಟೋರ್‌ಕೀಪರ್ ಆಗಿ ನಿವೃತ್ತರಾದವರು. ಆರು ತಿಂಗಳಿಗೆಂದು ಮಗಳ ಮನೆಗೆ ಬಂದಿದ್ದಾರೆ. ಇಲ್ಲಿ ಅವರಿಗೆ ದಾಸ್ತಾನು ಪರಿಶೀಲನೆ ಮಾಡಲು ನಮ್ಮ ಅಡುಗೆಮನೆಯ ಹೊರತು ಬೇರೇನೂ ಇರಲಿಲ್ಲ.

ಶನಿವಾರ ಟ್ರೇಲರ್ ಅಂಗಡಿಗೆ ಹೊರಟಾಗ ಅವರು ಫ್ರಿಜ್ಜಿನ ಬಾಗಿಲಿನಿಂದ ನಯಾಗರ ಜಲಪಾತದ ಚಿತ್ರವಿರುವ ಮ್ಯಾಗ್ನೆಟ್ಟನ್ನು ಕಿತ್ತು ಸ್ವೆಟರಿನ ಜೇಬಿಗೆ ಹಾಕಿಕೊಂಡದ್ದನ್ನು ನಾನು ಗಮನಿಸಿರಲಿಲ್ಲ. ಪಾತ್ರೆ ಅಂಗಡಿಯಲ್ಲಿ ಸ್ಟೀಲಿನ ಡಬ್ಬಕ್ಕೆ ಅಯಸ್ಕಾಂತ ಹಚ್ಚಿ ನೋಡದೆ ದುಡ್ಡು ಕೊಟ್ಟ ದಾಖಲೆ ಅವರ ಜೀವನದಲ್ಲಿಲ್ಲ. ಮದುವೆಯಲ್ಲಿ ನಮಗೆ ಉಡುಗೊರೆಯಾಗಿ ಬಂದ ಚೊಂಬುಗಳಿಗೂ ಅವರು ಹಚ್ಚಿದ್ದರೆಂದು ನನ್ನ ಹೆಂಡತಿ ಹೇಳುತ್ತಾಳೆ. ಯಾರು ಕೊಟ್ಟ ಚೊಂಬು ಅಂಟಿತೆಂಬುದು ಅವರಿಗೆ ಇಂದಿಗೂ ನೆನಪಿದೆ.

ಅಂಗಡಿಯ ಅಂಗಳದಲ್ಲಿ ಸಾಲಾಗಿ ನಿಂತು ಹೊಳೆಯುತ್ತಿದ್ದ ಟ್ರೇಲರುಗಳ ಮುಂದೆ ಮಾವನವರು ಚಪ್ಪಲಿ ಬಿಟ್ಟು, ಮೊಣಕಾಲೂರಿ ಚಕ್ರದ ಬಳಿ ಬಾಗಿದರು. ಜಲ್ಲಿಕಲ್ಲು ಜಾರುತ್ತದೆಂದು ಚಪ್ಪಲಿ ಬಿಟ್ಟದ್ದು ನನಗೆ ಗೊತ್ತು; ಮಾರಾಟಗಾರನಿಗೆ ಗೊತ್ತಿರಲಿಲ್ಲ. ಅವನು ಹಿಂದೆಯೂ ಭಾರತೀಯರಿಗೆ ಗಾಡಿ ಮಾರಿದ್ದವನು, ಚಕ್ರದಡಿ ನಿಂಬೆಹಣ್ಣು ಇಟ್ಟದ್ದನ್ನು ಕಂಡಿದ್ದವನು. ತಟಕ್ಕನೆ ಟೋಪಿ ತೆಗೆದು ಎದೆಗೊತ್ತಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ನಿಧಾನವಾಗಿ ಆಗಲಿ ಎಂದು ಪಿಸುಗುಟ್ಟಿದನು. ನಾನು ಬಾಯಿ ತೆರೆಯುವುದರೊಳಗೆ ಆಕ್ಸಲಿನ ಕಡೆಯಿಂದ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಸ್ಪ್ರಿಂಗ್ ಪ್ಲೇಟಿನಿಂದ ಟಕ್. ಹಬ್ಬು ಟಕ್, ಬೋಲ್ಟು ಟಕ್, ದೋಣಿಯನ್ನು ಎಳೆಯುವ ವಿಂಚು ಟಕ್, ಕಾರಿಗೆ ಸಿಕ್ಕಿಸುವ ಮೂತಿ ಟಕ್. ಪ್ರತಿ ಟಕ್ಕಿಗೂ ಮಾರಾಟಗಾರ ತಲೆ ತಗ್ಗಿಸುತ್ತಿದ್ದನು. ಕೊನೆಗೆ ಉದ್ದನೆಯ ಚೌಕಟ್ಟಿಗೆ ಹಚ್ಚಿದಾಗ ನಯಾಗರ ಜಲಪಾತ ಅಂಟದೆ ಜಾರಿ ಜಲ್ಲಿಯ ಮೇಲೆ ಬಿತ್ತು. ಮಾವನವರು ಅದನ್ನು ಹೆಕ್ಕಿಕೊಂಡು ಎದ್ದು ನಿಂತು, “ಅಳಿಯಂದಿರೇ, ಅಂಟಿದ ಭಾಗಕ್ಕೆ ಕಬ್ಬಿಣದ ದರ, ಅಂಟದ ಭಾಗಕ್ಕೆ ಅಲ್ಯುಮಿನಿಯಂ ದರ ಹಾಕಲು ಇವರಿಗೆ ಹೇಳಿ” ಎಂದರು.

ಇದನ್ನು ಇಂಗ್ಲಿಷಿನಲ್ಲಿ ಮರ್ಯಾದೆಯಿಂದ ಹೇಳುವ ದಾರಿ ಇಲ್ಲ. ನಾನು ಹೇಗೋ ಹೇಳಿದೆ. ಮಾರಾಟಗಾರ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡು ತಾಳ್ಮೆಯಿಂದ ವಿವರಿಸಿದನು. ಅಲ್ಯುಮಿನಿಯಂ ಕಬ್ಬಿಣದ ಮೂರನೆಯ ಒಂದು ಪಾಲು ತೂಗುತ್ತದೆ, ನಿಜ. ಆದರೆ ಅದೇ ಗಾತ್ರದ ತೊಲೆ ಅದೇ ಭಾರಕ್ಕೆ ಸುಮಾರು ಮೂರು ಪಟ್ಟು ಹೆಚ್ಚು ಬಾಗುತ್ತದೆ. ಆದ್ದರಿಂದ ಚೌಕಟ್ಟನ್ನು ದಪ್ಪ ಮಾಡುತ್ತಾರೆ, ಆಕ್ಸಲ್ಲನ್ನು ಸತುವಿನ ಲೇಪ ಕೊಟ್ಟ ಕಬ್ಬಿಣದಲ್ಲೇ ಉಳಿಸುತ್ತಾರೆ. ಮಾವನವರು ತಲೆಯಾಡಿಸಿ, “ಜಿ.ಐ. ಎಂದು ಹೇಳಲಿ, ಮುಚ್ಚಿಡುವುದೇಕೆ?” ಎಂದರು. ಎರಡು ಲೋಹಗಳು ಕೂಡುವಲ್ಲಿ ಉಪ್ಪುನೀರು ನಿಂತರೆ ಏನಾಗುತ್ತದೆ ಎಂದು ನಾನೇ ಕೇಳಿದೆ. ಉತ್ತರ ಕೇಳಿ ನನಗೇ ಸಿಟ್ಟು ಬಂತು: ಅಂಥ ಕಡೆ ಮೊದಲು ಸವೆಯುವುದು ಅಲ್ಯುಮಿನಿಯಮ್ಮೇ, ಬಿಳಿ ಪುಡಿಯಾಗಿ ಉದುರುತ್ತದೆ, ಅದಕ್ಕಾಗಿ ನಡುವೆ ನೈಲಾನ್ ವಾಷರ್ ಹಾಕಬೇಕು. ತುಕ್ಕಿನ ಭಯಕ್ಕೆ ಹೆಚ್ಚು ಹಣ ಕೊಟ್ಟು ತಂದ ಲೋಹವು ಕಬ್ಬಿಣದ ಬೋಲ್ಟಿನ ಸಲುವಾಗಿ ಪ್ರಾಣ ಬಿಡುತ್ತದೆ ಎಂದಾಯಿತು. ವಾಷರಿನ ದರ ಬೇರೆ.

ಆಮೇಲೆ ದೋಣಿಯ ತಳಕ್ಕೆ ಉರುಳೆಗಳಿರಬೇಕೋ, ಕಾರ್ಪೆಟ್ ಸುತ್ತಿದ ಹಲಗೆಗಳಿರಬೇಕೋ ಎಂಬ ಪ್ರಶ್ನೆ ಬಂತು. ನೀರು ಕಡಿಮೆಯಿರುವ ದಡದಲ್ಲಿ ಉರುಳೆ ಅನುಕೂಲ. ತಳದ ಉದ್ದಕ್ಕೂ ಭಾರ ಹರಡಿ ಹೊರಲು ಹಲಗೆ ಮೇಲು. ಉರುಳೆ ಎಂದೊಡನೆ ಮಾವನವರು ಕೆಲ ಹೊತ್ತು ಸುಮ್ಮನಾದರು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ದಡದ ಮೇಲಕ್ಕೆ ತಂದು ಮಡಲಿನ ಚಪ್ಪರದಡಿ ಇಡುವಾಗ ಕೆಳಗೆ ಮರದ ದಿಮ್ಮಿ ಕೊಟ್ಟು, ಕೈರಂಪಣಿ ಬಲೆ ಎಳೆಯುವ ಗಂಡಾಳುಗಳೆಲ್ಲ ಹೆಗಲು ಹಚ್ಚಿ ಐಲೇಸಾ ಎಂದು ನೂಕುತ್ತಿದ್ದರು. ಶಾಲೆ ಬಿಟ್ಟು ಬರುವ ಮಕ್ಕಳೂ ಒಂದು ಕೈ ಹಚ್ಚುವುದಿತ್ತು. ನೂಕುವವರಿಗೆ ಅದರಿಂದ ಏನೂ ಸಹಾಯವಾಗುತ್ತಿರಲಿಲ್ಲ, ಆದರೂ ಯಾರೂ ಬೇಡವೆನ್ನುತ್ತಿರಲಿಲ್ಲ. ಇಲ್ಲಿನ ಕೆರೆಯ ದಡದಲ್ಲಿ ನಾನು ಒಬ್ಬನೇ ಇಳಿಸಬೇಕು, ಒಬ್ಬನೇ ಏರಿಸಬೇಕು. ಹಿಂದೆ ಕಾಯುತ್ತಿರುವ ಪಿಕಪ್ಪಿನವರು ಕೈ ಹಚ್ಚುವುದಿಲ್ಲ, ಗಡಿಯಾರ ನೋಡುತ್ತಾರೆ.

ಅಲ್ಯುಮಿನಿಯಮ್ಮಿನದನ್ನೇ ಆರಿಸಿದ್ದು ಕೊನೆಗೆ ಆ ಕಾರಣಕ್ಕೆ: ಖಾಲಿ ಟ್ರೇಲರನ್ನು ಗ್ಯಾರೇಜಿನೊಳಗೆ ಒಬ್ಬನೇ ತಳ್ಳಿಕೊಂಡು ಹೋಗಬಹುದು. ಹಲಗೆಗಳಿರುವುದನ್ನು ಗೊತ್ತುಮಾಡಿದೆವು. ದರ ಇಳಿಯಲಿಲ್ಲ. ಸ್ಟೆಪ್ನಿ ಆ ದರದಲ್ಲಿ ಸೇರಿಲ್ಲವೆಂದು ತಿಳಿದಾಗ ಮಾವನವರು ಮತ್ತೆ ಜೇಬಿಗೆ ಕೈ ಹಾಕಿದರು. ಅದನ್ನು ಕಂಡ ಮಾರಾಟಗಾರ ನನ್ನನ್ನು ಪಕ್ಕಕ್ಕೆ ಕರೆದು, ಪೂಜೆ ಇನ್ನೂ ಬಾಕಿಯಿದೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗಿನಿಂದ ಒಂದು ಚಕ್ರವನ್ನು ಉರುಳಿಸಿಕೊಂಡು ಬಂದು ಪುಕ್ಕಟೆಯೆಂದನು. ಮಾವನವರು ಅದಕ್ಕೆ ಅಯಸ್ಕಾಂತ ಹಚ್ಚಲಿಲ್ಲ. ಇಲಾಖೆಯ ಜೀಪುಗಳ ಟೈರುಗಳನ್ನು ದಾಸ್ತಾನಿಗೆ ತೆಗೆದುಕೊಂಡ ಅಭ್ಯಾಸದಿಂದ ಕನ್ನಡಕ ಮೇಲೆತ್ತಿ, ರಬ್ಬರಿನ ಮೇಲೆ ಅಚ್ಚಾಗಿದ್ದ 3219 ಎಂಬ ಅಂಕಿಗಳನ್ನು ಬೆರಳಿಟ್ಟು ಓದಿದರು. “2019ರ ಮೂವತ್ತೆರಡನೆಯ ವಾರದ ಮಾಲು. ನಮ್ಮ ಪುಟ್ಟನಿಗಿಂತ ದೊಡ್ಡದು. ಇದನ್ನೂ ಇಂಗ್ಲಿಷಿನಲ್ಲಿ ಹೇಳಿ” ಎಂದರು.